ಮೈದಾನದಲ್ಲಿ ಮಗುವಿನ ಕುತ್ತಿಗೆಗೆ ಪೆಟ್ಟಾದರೆ: ಆಂಬುಲೆನ್ಸ್ ಬರುವ ಮುನ್ನ

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಕಳೆದ ತಿಂಗಳು ಹಾಕಿ ಅಭ್ಯಾಸದ ವೇಳೆ ಒಂಬತ್ತನೇ ತರಗತಿಯ ಹುಡುಗನೊಬ್ಬ ತಲೆ ತಗ್ಗಿಸಿ ಚೆಂಡಿನ ಹಿಂದೆ ನುಗ್ಗುವಾಗ ನೆತ್ತಿ ಇನ್ನೊಬ್ಬನ ಸೊಂಟಕ್ಕೆ ಬಡಿದು ಕೆಳಗೆ ಬಿದ್ದ. ಕುತ್ತಿಗೆ ನೋಯುತ್ತಿದೆ, ಎರಡೂ ಕೈ ಜೋಮು ಹಿಡಿದಿದೆ ಎಂದ. ಸುತ್ತ ಸೇರಿದವರು ನೀರು ಕುಡಿಸಿ, ಕೈಕಾಲು ಹಿಡಿದು ಎತ್ತಿ, ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ತಿಳಿಯಿತು, ಜೋಮು ಅದೇ ಸಂಜೆ ಇಳಿಯಿತು. ಈಗ ಅವನು ಮತ್ತೆ ಆಡಬೇಕೆಂದು ಹಟ ಹಿಡಿದಿದ್ದಾನೆ. ನಾವು ಅಂದು ನಡೆದುಕೊಂಡ ರೀತಿ ಸರಿಯೇ? ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟವೂ ಹತ್ತಿರ ಬರುತ್ತಿದೆ. ಇಂಥದ್ದು ಮತ್ತೆ ನಡೆದರೆ ಏನು ಮಾಡಬೇಕು?

ಉತ್ತರ: ನಿಮ್ಮ ಹುಡುಗನಿಗೆ ದೊಡ್ಡ ಹಾನಿಯಾಗಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಅವನನ್ನು ಎತ್ತಿದ ರೀತಿ ಸರಿಯಾಗಿರಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗುತ್ತದೆ. ಅಂದು ಅಲ್ಲಿದ್ದವರೆಲ್ಲ ಪ್ರೀತಿಯಿಂದ, ಗಾಬರಿಯಿಂದ ಓಡಿ ಬಂದವರೇ ಇರಬೇಕು, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಬಿದ್ದವನನ್ನು ತಕ್ಷಣ ಎತ್ತಿ ಆಸ್ಪತ್ರೆಗೆ ಸೇರಿಸುವುದೇ ನೆರವು ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಕೈ ಮುರಿದಾಗ, ರಕ್ತ ಸುರಿಯುವಾಗ ಆ ಅವಸರಕ್ಕೆ ಅರ್ಥವಿದೆ. ಕುತ್ತಿಗೆಯ ಪೆಟ್ಟಿನಲ್ಲಿ ಮಾತ್ರ, ಉಸಿರಾಟ ಸರಿಯಾಗಿರುವವರೆಗೆ, ಅವಸರಕ್ಕೆ ಯಾವ ಕಾರಣವೂ ಇಲ್ಲ. ಅಲುಗಾಡದೆ ಮಲಗಿರುವ ಮಗು ಇನ್ನರ್ಧ ಗಂಟೆ ಹಾಗೆಯೇ ಮಲಗಿದ್ದರೆ ನಷ್ಟವಿಲ್ಲ. ಅದೇ ಮಗುವನ್ನು ನಾಲ್ವರು ಕೈಕಾಲು ಹಿಡಿದೆತ್ತಿದಾಗ ತಲೆ ಹಿಂದಕ್ಕೆ ಜೋತುಬೀಳುತ್ತದೆ, ಮೂಳೆ ಸಡಿಲವಾಗಿದ್ದರೆ ಆ ಕ್ಷಣದಲ್ಲೇ ಬೆನ್ನುಹುರಿಗೆ ಪೆಟ್ಟಾಗಬಹುದು.

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಅವುಗಳ ನಡುವಿನ ಕಾಲುವೆಯಲ್ಲಿ ಬೆನ್ನುಹುರಿ ಇಳಿದು ಬರುತ್ತದೆ. ಕೈಕಾಲುಗಳ ಬಲ ಮತ್ತು ಸ್ಪರ್ಶ, ಮಲಮೂತ್ರದ ಹಿಡಿತ, ಎಲ್ಲವೂ ಇದೇ ಹಾದಿಯಲ್ಲಿ ಹೋಗಬೇಕು. ಉಸಿರಾಟಕ್ಕೆ ಮುಖ್ಯ ಆಧಾರವಾದ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯನ್ನು ನಡೆಸುವ ನರವು ಬೆನ್ನುಹುರಿಯಿಂದ ಹೊರಡುವುದು ಕುತ್ತಿಗೆಯ 3, 4 ಮತ್ತು 5ನೇ ಮಟ್ಟದಲ್ಲಿ, ಆದ್ದರಿಂದ ಅದಕ್ಕಿಂತ ಮೇಲೆ ಹುರಿ ಜಖಂಗೊಂಡರೆ ಉಸಿರೇ ನಿಲ್ಲಬಹುದು. ತಲೆ ಎತ್ತಿಕೊಂಡಿರುವಾಗ ಕುತ್ತಿಗೆಗೆ ಸಹಜವಾದ ಒಂದು ಬಾಗು ಇರುತ್ತದೆ. ಬಂದ ಹೊಡೆತವನ್ನು ಆ ಬಾಗು ಮತ್ತು ಸುತ್ತಲಿನ ಸ್ನಾಯುಗಳು ಹಂಚಿಕೊಳ್ಳುತ್ತವೆ. ಗಲ್ಲವನ್ನು ಎದೆಯ ಕಡೆಗೆ ಸುಮಾರು 30 ಡಿಗ್ರಿ ಬಗ್ಗಿಸಿದರೆ ಬಾಗು ಮಾಯವಾಗಿ ಏಳೂ ಮೂಳೆಗಳು ನೇರ ಸಾಲಿಗೆ ಬರುತ್ತವೆ, ಆಗ ನೆತ್ತಿಗೆ ಬಿದ್ದ ಪೆಟ್ಟು ಪೂರ್ತಿಯಾಗಿ ಮೂಳೆ ಮತ್ತು ಡಿಸ್ಕುಗಳ ಮೇಲೆಯೇ ಇಳಿಯುತ್ತದೆ. ಅಮೆರಿಕದ ಫುಟ್ಬಾಲಿನಲ್ಲಿ ತಲೆಯನ್ನೇ ಮುಂದೆ ಮಾಡಿ ಎದುರಾಳಿಗೆ ಗುದ್ದುವುದನ್ನು 1976ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ, ಅದಾದ ಬಳಿಕ ಅಲ್ಲಿ ಕುತ್ತಿಗೆ ಮುರಿದು ಕೈಕಾಲುಗಳ ಸ್ವಾಧೀನ ಕಳೆದುಕೊಳ್ಳುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ನಿಮ್ಮ ಹುಡುಗ ಬಿದ್ದದ್ದೂ ಇದೇ ಭಂಗಿಯಲ್ಲಿ.

ಹಾಗಾದರೆ ಮೊದಲು ಏನು ಮಾಡಬೇಕು? ಸೀಟಿ ಊದಿ ಆಟ ನಿಲ್ಲಿಸಿ. ಬಿದ್ದವನ ಕಡೆಗೆ ಹೋಗುವಾಗ ಅವನ ಕಣ್ಣಿಗೆ ಬೀಳುವಂತೆ ಮುಂಭಾಗದಿಂದ ಹೋಗಿ. ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ಅವನು ತಿರುಗಿ ನೋಡುತ್ತಾನೆ, ನಾವು ತಪ್ಪಿಸಬೇಕಾದದ್ದೇ ಆ ತಿರುಗುವಿಕೆ. “ಅಲುಗಬೇಡ, ತಲೆ ಆಡಿಸಬೇಡ, ಬಾಯಲ್ಲೇ ಉತ್ತರ ಹೇಳು” ಎಂದು ಮೊದಲೇ ಹೇಳಿಬಿಡಿ. ಹೌದು ಅಲ್ಲ ಎನ್ನುವುದಕ್ಕೆ ಮಕ್ಕಳು ತಲೆಯಾಡಿಸುವುದು ವಾಡಿಕೆಯಾದ್ದರಿಂದ ಈ ಮಾತನ್ನು ಬಿಡಬಾರದು.

ಅಷ್ಟರಲ್ಲಿ ಇನ್ನೊಬ್ಬರು ತಲೆಯನ್ನು ಹಿಡಿಯಬೇಕು. ಅಂಗಾತ ಬಿದ್ದಿದ್ದರೆ ತಲೆಯ ಹಿಂದೆ, ಅವನ ನೆತ್ತಿ ನಿಮ್ಮ ಕಡೆಗಿರುವಂತೆ ಮೊಣಕಾಲೂರಿ ಕೂರಿ, ಇಲ್ಲವೇ ಬೋರಲು ಮಲಗಿ. ಎರಡೂ ಮೊಣಕೈಗಳನ್ನು ನೆಲಕ್ಕೋ ನಿಮ್ಮ ತೊಡೆಗೋ ಊರಿಕೊಳ್ಳಿ, ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೈ ನಡುಗತೊಡಗುತ್ತದೆ. ಅಂಗೈಗಳನ್ನು ತಲೆಯ ಎರಡು ಪಕ್ಕಕ್ಕೆ ಇಟ್ಟು, ಬೆರಳುಗಳು ದವಡೆಯ ಅಂಚಿನಗುಂಟ ಕೆಳಗಿಳಿಯುವಂತೆ ಚಾಚಿ. ಕಿವಿಯನ್ನು ಪೂರ್ತಿ ಮುಚ್ಚಬೇಡಿ, ಅವನಿಗೆ ನಿಮ್ಮ ಮಾತು ಕೇಳಿಸುತ್ತಿರಬೇಕು. ಎಳೆಯಬೇಡಿ, ಒತ್ತಬೇಡಿ, ತಲೆ ಇದ್ದ ಸ್ಥಿತಿಯಲ್ಲೇ ಇರುವಂತೆ ಆನಿಸಿಕೊಂಡಿದ್ದರೆ ಸಾಕು. ತಲೆ ಒಂದು ಕಡೆಗೆ ತಿರುಗಿದ್ದರೂ ಹಾಗೆಯೇ ಇರಲಿ. ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಮಾತ್ರ ನಿಧಾನವಾಗಿ ನೇರಕ್ಕೆ ತರಬೇಕು. ಹಾಗೆ ತರುವಾಗ ನೋವು ಹೆಚ್ಚಾದರೆ ಅಥವಾ ಬಿಗಿ ಹಿಡಿದಂತೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಒಮ್ಮೆ ತಲೆ ಹಿಡಿದವರು ಆಂಬುಲೆನ್ಸಿನವರು ಕೈಬದಲಿಸುವವರೆಗೆ ಬಿಡಬಾರದು. ಮಗು ನೋವಿನಿಂದ ಒದ್ದಾಡುತ್ತಿದ್ದರೆ, ಅರೆಪ್ರಜ್ಞೆಯಲ್ಲಿ ಏಳಲು ಹೆಣಗುತ್ತಿದ್ದರೆ, ಬಲವಂತವಾಗಿ ಅದುಮಿ ಹಿಡಿಯಬೇಡಿ. ಅದರಿಂದ ಕುತ್ತಿಗೆಗೆ ಆಗುವ ಎಳೆತವೇ ಹೆಚ್ಚು. ಸಮಾಧಾನದ ಮಾತಾಡುತ್ತ, ಅವನು ಹೊರಳಿದ ಕಡೆಗೆ ಕೈ ಆಸರೆ ಕೊಡುತ್ತ ಹೋಗಿ.

ಈಗ ಉಸಿರಾಟ. ಮಾತನಾಡುತ್ತಿದ್ದರೆ ಉಸಿರಾಡುತ್ತಿದ್ದಾನೆ ಎಂದೇ ಅರ್ಥ. ಪ್ರತಿಕ್ರಿಯೆ ಇಲ್ಲದೆ, ಉಸಿರೂ ಇಲ್ಲದೆ ಅಥವಾ ಬಿಟ್ಟು ಬಿಟ್ಟು ಏದುಸಿರಿನಂತೆ ಮಾತ್ರ ಬರುತ್ತಿದ್ದರೆ, ಕುತ್ತಿಗೆಯ ಚಿಂತೆ ಎರಡನೆಯದಾಗುತ್ತದೆ. ಅಂಗಾತ ಮಲಗಿಸಿ, ದವಡೆಯ ಮೂಲೆಗಳನ್ನು ಎರಡೂ ಕೈಗಳಿಂದ ಮುಂದಕ್ಕೆ ಎತ್ತಿ ಶ್ವಾಸದ ದಾರಿ ತೆರೆಯಿರಿ, ಅದರಿಂದ ಆಗದಿದ್ದರೆ ತಲೆಯನ್ನು ಬೇಕಾದಷ್ಟೇ ಹಿಂದಕ್ಕೆ ಬಾಗಿಸಿ, ಸಿಪಿಆರ್ ಆರಂಭಿಸಿ. ಎದೆಯ ನಡುವೆ, ಎದೆಯ ಆಳದ ಮೂರನೇ ಒಂದರಷ್ಟು ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ 2 ಬಾರಿ ಉಸಿರು ಕೊಡಬೇಕು. ಕುತ್ತಿಗೆ ಅಲುಗೀತೆಂಬ ಭಯದಿಂದ ಸಿಪಿಆರ್ ತಡಮಾಡಿದರೆ ಮಗು ಉಳಿಯುವುದಿಲ್ಲ. ಈ ಒಂದು ಮಾತನ್ನು ನಿಮ್ಮ ಸಹೋದ್ಯೋಗಿಗಳಿಗೆಲ್ಲ ಮನದಟ್ಟು ಮಾಡಿಸಿ.

ವಾಂತಿಯಾಗುತ್ತಿದ್ದರೆ ಅಥವಾ ಮಗು ಬೋರಲು ಬಿದ್ದು ಉಸಿರು ಕಟ್ಟುತ್ತಿದ್ದರೆ ಹೊರಳಿಸಲೇಬೇಕು. ಆಗ ಮರದ ದಿಮ್ಮಿಯನ್ನು ಉರುಳಿಸುವಂತೆ ತಲೆ, ಭುಜ, ಸೊಂಟ, ಕಾಲು ಒಂದೇ ಸಾಲಿನಲ್ಲಿ, ಒಂದೇ ಸಲಕ್ಕೆ ತಿರುಗಬೇಕು. ತಲೆ ಹಿಡಿದವರೇ ನಾಯಕರು. “ಒಂದು, ಎರಡು, ಮೂರು” ಎಂದು ಅವರು ಎಣಿಸಿದಾಗಲೇ ಉಳಿದ ಮೂವರು ಅಥವಾ ನಾಲ್ವರು ಒಟ್ಟಿಗೆ ಹೊರಳಿಸಬೇಕು. ನೀವು ಒಬ್ಬರೇ ಇದ್ದು ವಾಂತಿ ಬಂದರೂ ಹೊರಳಿಸಿ, ಒಂದು ಕೈ ತಲೆ ಮತ್ತು ಕುತ್ತಿಗೆಗೆ, ಇನ್ನೊಂದು ಸೊಂಟಕ್ಕೆ ಇರಲಿ.

ಕುತ್ತಿಗೆ ಪೆಟ್ಟನ್ನು ಅನುಮಾನಿಸಬೇಕಾದ ಸಂದರ್ಭಗಳು ಯಾವುವು ಎಂಬುದರಲ್ಲಿ ಗೊಂದಲ ಇರಕೂಡದು. ಕುತ್ತಿಗೆಯ ಹಿಂಭಾಗದ ನಡುಗೆರೆಯಲ್ಲಿ ನೋವು, ಕೈಗಳಲ್ಲೋ ಕಾಲುಗಳಲ್ಲೋ ಜೋಮು, ಉರಿ, ಸೂಜಿ ಚುಚ್ಚಿದಂಥ ಅನುಭವ ಅಥವಾ ಬಲಹೀನತೆ, ಪ್ರಜ್ಞೆ ತಪ್ಪಿದ್ದು ಅಥವಾ ಮಾತು ತೊದಲುವುದು, ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡೇ ಇರುವುದು, ನೆತ್ತಿ ನೆಲಕ್ಕೆ ಬಡಿಯುವಂತೆ ಬಿದ್ದದ್ದು: ಇವುಗಳಲ್ಲಿ ಯಾವ ಒಂದು ಇದ್ದರೂ ಕುತ್ತಿಗೆಗೆ ಪೆಟ್ಟಾಗಿದೆ ಎಂದೇ ತಿಳಿದು ನಡೆಯಬೇಕು. ನೋವಿದೆ ಎಂದವನಿಗೆ “ಎಲ್ಲಿ, ಕುತ್ತಿಗೆ ಆಚೆ ಈಚೆ ತಿರುಗಿಸು ನೋಡೋಣ” ಎಂದು ಪರೀಕ್ಷೆ ಮಾಡುವುದು ಸಲ್ಲದು. ಕೆಲವೊಮ್ಮೆ ಭುಜಕ್ಕೆ ಪೆಟ್ಟು ಬಿದ್ದು ನರ ಎಳೆದುಕೊಂಡಾಗ ಒಂದೇ ತೋಳಿನಲ್ಲಿ ವಿದ್ಯುತ್ ಹರಿದಂತೆ ಉರಿದು ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದುಂಟು, ಅದು ಅಷ್ಟು ಭಯಪಡುವಂಥದ್ದಲ್ಲದಿದ್ದರೂ ಅಂದಿನ ಆಟ ಅಲ್ಲಿಗೆ ಮುಗಿಯಬೇಕು. ಎರಡೂ ಕೈಗಳಿಗೆ ಅಥವಾ ಯಾವುದೇ ಕಾಲಿಗೆ ಜೋಮು ಬಂದರೆ ಮಾತ್ರ ಅದು ಬೆನ್ನುಹುರಿಯದೇ ದೂರು ಎಂದು ಭಾವಿಸಬೇಕು.

ಇನ್ನೊಂದು ಸನ್ನಿವೇಶವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಬಿದ್ದ ಹುಡುಗ ತಾನೇ ಎದ್ದು, ಬೇಲಿಯವರೆಗೆ ನಡೆದು ಬಂದು, ಆಮೇಲೆ “ಸರ್, ಕುತ್ತಿಗೆ ನೋಯ್ತಿದೆ” ಎನ್ನುತ್ತಾನೆ. ನಡೆದಾಡಿದ ಮೇಲೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಇದ್ದಲ್ಲೇ ಅಲುಗಾಡದಂತೆ ನಿಲ್ಲಿಸಿ, ಆಸರೆ ಕೊಟ್ಟು ನಿಧಾನವಾಗಿ ಮಲಗಿಸಿ, ಮೇಲೆ ಹೇಳಿದಂತೆಯೇ ನೋಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಪೆಟ್ಟು ತಿಂದರೂ ಎದ್ದು ಆಡುವುದನ್ನು ಮಕ್ಕಳು ಚಿಕ್ಕಂದಿನಿಂದಲೇ ನೋಡಿ ಕಲಿಯುತ್ತಾರೆ, ತಂಡದಿಂದ ಹೊರಗುಳಿಯುವ ಭಯವೂ ಇರುತ್ತದೆ. ಆದ್ದರಿಂದ ಮಗು “ಏನಿಲ್ಲ ಸರ್” ಎನ್ನುವುದನ್ನು ಕೊನೆಯ ಮಾತೆಂದು ತೆಗೆದುಕೊಳ್ಳಬಾರದು.

ಮಾಡಬಾರದ್ದನ್ನೂ ಬಿಡಿಸಿ ಹೇಳುವುದು ಒಳ್ಳೆಯದು. ನೀರು, ಕಾಫಿ, ಗ್ಲೂಕೋಸ್, ಯಾವುದನ್ನೂ ಕುಡಿಸಬೇಡಿ. ಮಲಗಿರುವವನಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆಗೂ ತೊಡಕು. ತಲೆಯ ಕೆಳಗೆ ಬ್ಯಾಗು, ದಿಂಬು ಇಡಬೇಡಿ. ಎಣ್ಣೆ ತಿಕ್ಕುವುದು, ಉಳುಕು ತೆಗೆಯುವವರ ಬಳಿ ಕರೆದೊಯ್ದು ಕುತ್ತಿಗೆಗೆ ಲಟಕ್ ಅನ್ನಿಸುವುದು, ಬಿಗಿಯಾಗಿ ಬಟ್ಟೆ ಸುತ್ತುವುದು, ಇವು ಯಾವುವೂ ಬೇಡ. ಕಾಲಿನ ಉಳುಕಿಗೆ ಊರಿನವರ ಕೈಗುಣ ಒದಗಿರಬಹುದು, ಆಗ ತಾನೇ ಪೆಟ್ಟಾದ ಕುತ್ತಿಗೆಯನ್ನು ತಿರುಗಿಸುವುದು ಅಪಾಯದ ಕೆಲಸ. ಔಷಧ ಅಂಗಡಿಯಲ್ಲಿ ಸಿಗುವ ಕುತ್ತಿಗೆ ಪಟ್ಟಿಯನ್ನು ಶಾಲೆಯಲ್ಲಿ ತಂದಿಟ್ಟುಕೊಂಡು ಹಾಕಬಹುದೇ ಎಂದು ಹಲವು ಶಿಕ್ಷಕರು ಕೇಳುತ್ತಾರೆ. ಬೇಡ. ಅದನ್ನು ತೊಡಿಸುವಾಗಲೇ ಕುತ್ತಿಗೆ ಅಲುಗುತ್ತದೆ, ಅಳತೆ ತಪ್ಪಿದರೆ ಉಸಿರಿಗೂ ಅಡ್ಡಿ. ಪ್ರಥಮ ಚಿಕಿತ್ಸೆ ಕೊಡುವವರು ವಾಡಿಕೆಯಾಗಿ ಅದನ್ನು ಬಳಸಬಾರದೆಂದು 2015ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಲಹೆ ಕೊಟ್ಟಿದೆ. ಸ್ಥಿರವಾದ ಎರಡು ಕೈಗಳೇ ಸಾಕು.

ಗೋಲ್‌ಕೀಪರ್ ಬಿದ್ದಾಗ ಹೆಲ್ಮೆಟ್ ತೆಗೆಯಬೇಡಿ. ಉಸಿರಾಟ ನೋಡಲು ಅಥವಾ ಸಿಪಿಆರ್ ಕೊಡಲು ಅದು ಅಡ್ಡಿಯಾದರೆ ಮಾತ್ರ ತೆಗೆಯಬೇಕು. ಆಗಲೂ ಒಬ್ಬರು ಕೆಳಗಿನಿಂದ ದವಡೆ ಮತ್ತು ಕುತ್ತಿಗೆಯ ಹಿಂಭಾಗವನ್ನು ಹಿಡಿದಿರಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ ಹೆಲ್ಮೆಟ್ಟಿನ ಪಕ್ಕಗಳನ್ನು ಅಗಲಿಸಿ ನಿಧಾನವಾಗಿ ಜಾರಿಸಬೇಕು. ಹಾಕಿಯಲ್ಲಿ ಇನ್ನೊಂದು ಬಗೆಯ ಪೆಟ್ಟೂ ಉಂಟು, ಎದ್ದು ಬಂದ ಚೆಂಡು ಅಥವಾ ಸ್ಟಿಕ್ಕು ಗಂಟಲಿಗೆ ಬಡಿಯುವುದು. ಹೊರಗೆ ಬರೀ ಕೆಂಪಾಗಿದ್ದರೂ ಒಳಗೆ ಬಾವು ಏರುತ್ತ ಹೋಗಬಹುದು. ಧ್ವನಿ ಒಡೆಯುವುದು, ನುಂಗಲು ಕಷ್ಟ, ಉಸಿರೆಳೆಯುವಾಗ ಗೊರಗೊರ ಸದ್ದು, ಚರ್ಮದಡಿ ಗಾಳಿ ಸೇರಿ ಮುಟ್ಟಿದರೆ ಚರಪರ ಎನ್ನುವುದು ಕಂಡರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಅಂಥವನಿಗೆ ಕೂತಿರುವುದೇ ಹಿತವೆನಿಸಿದರೆ ಕೂರಲು ಬಿಡಿ.

ಇನ್ನು ಆಂಬುಲೆನ್ಸು. 108ಕ್ಕೆ, ಅದು ಸಿಗದಿದ್ದರೆ 112ಕ್ಕೆ ಕರೆ ಮಾಡಬೇಕೆಂಬುದು ಎಲ್ಲರಿಗೂ ತಿಳಿದಿದೆ. ಕೊಡಗಿನ ತೊಡಕು ಬೇರೆ. ತೋಟದ ನಡುವಿನ ಮೈದಾನದಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ, ಮುಖ್ಯರಸ್ತೆಯಿಂದ ಒಳಗೆ ತಿರುಗುವ ಹಾದಿ ಹೊಸಬರಿಗೆ ಕಾಣುವುದಿಲ್ಲ, ಆಟಿಯ ಮಳೆಯಲ್ಲಿ ಮರ ಬಿದ್ದು ದಾರಿ ಮುಚ್ಚಿರುವುದೂ ಉಂಟು. ಆದ್ದರಿಂದ ಪಂದ್ಯಕ್ಕೆ ಮೊದಲೇ ನಾಲ್ವರ ಹೆಸರು ಗೊತ್ತುಮಾಡಿ: ತಲೆ ಹಿಡಿಯುವವರು, ಫೋನ್ ಮಾಡುವವರು, ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸುವವರು, ಜನರನ್ನು ದೂರ ನಿಲ್ಲಿಸುವವರು. ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಎಂಬುದನ್ನು, ಅಲ್ಲದಿದ್ದರೆ ಹತ್ತಿರದ ಯಾವ ಮನೆಯಲ್ಲಿ ಸ್ಥಿರ ದೂರವಾಣಿ ಇದೆ ಎಂಬುದನ್ನು, ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಮೈದಾನದ ಗುರುತನ್ನು ಒಂದು ಚೀಟಿಯಲ್ಲಿ ಬರೆದು ಫೋನ್ ಮಾಡುವವರ ಜೇಬಿನಲ್ಲಿಡಿ. ಗಾಬರಿಯಲ್ಲಿ ಸ್ವಂತ ಊರಿನ ದಾರಿಯೂ ಬಾಯಿಗೆ ಬರುವುದಿಲ್ಲ. ಕಾಯುವ ಹೊತ್ತಿನಲ್ಲಿ ಕಂಬಳಿ ಹೊದಿಸಿ, ಮೇಲೆ ಕೊಡೆ ಹಿಡಿಯಿರಿ, ಒದ್ದೆ ಮೈಯಲ್ಲಿ ಮಲಗಿದ ಮಗು ಬೇಗ ತಣ್ಣಗಾಗುತ್ತದೆ.

ಆಂಬುಲೆನ್ಸ್ ಬರಲಾರದೆಂದು ಖಚಿತವಾದರೆ ಆಗ ಮಾತ್ರ ಬೇರೆ ವಾಹನದ ಯೋಚನೆ. ಜೀಪಿನ ಸೀಟಿನಲ್ಲಿ ಕೂರಿಸಕೂಡದು. ಗಟ್ಟಿಯಾದ, ಅಗಲವಾದ, ಮೈಯುದ್ದದ ಹಲಗೆಯ ಮೇಲೆ ಐದಾರು ಮಂದಿ ಸೇರಿ ಒಂದೇ ಎಣಿಕೆಗೆ ಮಲಗಿಸಿ, ಪಿಕಪ್ಪಿನ ಸಮತಟ್ಟಾದ ಹಿಂಭಾಗದಲ್ಲಿಟ್ಟು, ತಲೆ ಹಿಡಿದವರು ಜೊತೆಯಲ್ಲೇ ಕುಳಿತು, ತಿರುವುಗಳಲ್ಲಿ ನಿಧಾನವಾಗಿ ಒಯ್ಯಬೇಕು. 108ರವರು ಫೋನಿನಲ್ಲಿ ಕೊಡುವ ಸೂಚನೆಯನ್ನು ಕೇಳುತ್ತ ಮಾಡಿ. ತಾಲ್ಲೂಕಿನ ಶಾಲೆಗಳೆಲ್ಲ ಸೇರಿ ಪಂದ್ಯಾವಳಿಗಳಿಗೆಂದೇ ಒಂದು ಸ್ಪೈನ್ ಬೋರ್ಡ್ ಕೊಂಡಿಟ್ಟುಕೊಂಡರೆ, ಅದರ ಬಳಕೆಯನ್ನು ತಿಳಿದವರಿಂದ ಕಲಿತರೆ, ಅದು ಟ್ರೋಫಿಗಳಿಗೆ ಹಾಕುವ ಹಣಕ್ಕಿಂತ ಸಾರ್ಥಕವಾದ ವೆಚ್ಚ ಎಂಬುದು ನನ್ನ ಅಭಿಪ್ರಾಯ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ದೂರ, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಬೇಕಾದ ಮಗು ಅಷ್ಟು ದೂರ ಸಾಗಬೇಕಾಗಿ ಬರಬಹುದು. ಹಾಗಾಗಿ ಮೈದಾನದಿಂದಲೇ ಕುತ್ತಿಗೆ ಭದ್ರವಾಗಿರಬೇಕು.

ಕೆಸರುಗದ್ದೆಯ ವಿಚಾರದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ಕೆಸರು ಮೆತ್ತಗಿರುವುದರಿಂದ ಪೆಟ್ಟಾಗದೆಂಬ ಭಾವನೆಯಲ್ಲಿ ಮಕ್ಕಳು ಗೆರೆ ಮುಟ್ಟುವಾಗ ತಲೆ ಮುಂದಾಗಿ ಹಾರುತ್ತಾರೆ. ಮೇಲಿನ ಕೆಸರಿನಡಿ ಗಟ್ಟಿ ನೆಲವಿದೆ, ಕೆಲವೆಡೆ ಕಲ್ಲು, ಬೇರು, ಹಳೆಯ ಗೂಟಗಳೂ ಇರುತ್ತವೆ. ಹಿಂದಿನ ದಿನ ಗದ್ದೆಯ ಉದ್ದಗಲಕ್ಕೆ ಕಾಲಿನಿಂದ ತಡಕಿ ನೋಡಿ ಅವುಗಳನ್ನು ತೆಗೆಸಿ, ತಲೆ ಮುಂದಾಗಿ ಹಾರಿದವರಿಗೆ ಅಂಕವಿಲ್ಲ ಎಂದು ಧ್ವನಿವರ್ಧಕದಲ್ಲಿ ಸಾರಿ. ಹಗ್ಗಜಗ್ಗಾಟದಲ್ಲಿ ಕೊನೆಯಲ್ಲಿ ನಿಲ್ಲುವವನು ಹಗ್ಗವನ್ನು ಕುತ್ತಿಗೆಗೆ ಸುತ್ತಿಕೊಳ್ಳಕೂಡದು. ಮುಖ ಕೆಸರಿನಲ್ಲಿ ಹೂತು ಬಿದ್ದ ಮಗುವನ್ನು ಮಾತ್ರ ಕಾಯದೆ ತಿರುಗಿಸಬೇಕು, ಏಕೆಂದರೆ ಅಲ್ಲಿ ಉಸಿರೇ ಇಲ್ಲ. ತಲೆಯನ್ನು ಭುಜಗಳ ಜೊತೆ ಸೇರಿಸಿ ಹಿಡಿದು ಹೊರಳಿಸಿ, ಬಾಯಲ್ಲಿ ಕಣ್ಣಿಗೆ ಕಾಣುವ ಕೆಸರನ್ನಷ್ಟೇ ಬೆರಳಿನಿಂದ ತೆಗೆಯಿರಿ. ಆಟ ಮುಗಿದ ಮೇಲೆ ಮೈತೊಳೆಯಲು ಹೊಳೆಗೋ ಕೆರೆಗೋ ಓಡುವ ಮಕ್ಕಳನ್ನು ಒಬ್ಬ ಹಿರಿಯರಾದರೂ ಹಿಂಬಾಲಿಸಲಿ. ಆಳ ತಿಳಿಯದ, ಕೆಂಪಗೆ ಹರಿಯುವ ನೀರಿಗೆ ತಲೆಕೆಳಗಾಗಿ ಧುಮುಕುವುದು ಎಳೆಯರ ಕುತ್ತಿಗೆ ಮುರಿಯುವ ಮುಖ್ಯ ಕಾರಣಗಳಲ್ಲೊಂದು.

ಹಾಕಿಯಲ್ಲಿ ವಯಸ್ಸಿನ ಅಂತರವನ್ನೂ ಗಮನದಲ್ಲಿಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದ ಸೊಗಸೇ ಒಂದು ಮನೆಯ ಹಿರಿಯರು ಕಿರಿಯರು ಒಂದೇ ತಂಡದಲ್ಲಿ ಆಡುವುದು, ಅದು ಹಾಗೆಯೇ ಇರಲಿ. ಆದರೆ ಶಾಲೆಯ ಅಭ್ಯಾಸದಲ್ಲಿ 12 ವರ್ಷದವನನ್ನು 17 ವರ್ಷದವನ ಎದುರು ಚೆಂಡು ಕಸಿಯಲು ನಿಲ್ಲಿಸುವಾಗ ಮೈತೂಕದ ಅಂತರ ಎಷ್ಟಿದೆ ಎಂದು ನೋಡಬೇಕು. ಸೊಂಟ ಬಗ್ಗಲಿ, ಮೊಣಕಾಲು ಬಗ್ಗಲಿ, ಕಣ್ಣು ಮಾತ್ರ ಮುಂದೆ ನೋಡುತ್ತಿರಲಿ ಎಂದು ಪ್ರತಿ ಅಭ್ಯಾಸದಲ್ಲೂ ಹೇಳಿಕೊಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿರುವ ಸಂಭವ ಇರುವುದರಿಂದ ಅವರನ್ನು ಆಟಕ್ಕೆ ಸೇರಿಸುವ ಮೊದಲೇ ವೈದ್ಯರ ಅಭಿಪ್ರಾಯ ಪಡೆಯಿರಿ.

ಕೊನೆಯದಾಗಿ ನಿಮ್ಮ ಹುಡುಗನ ವಿಷಯ. ಎರಡೂ ಕೈಗಳಿಗೆ ಜೋಮು ಬಂದಿತ್ತು ಎಂಬ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. ಮಕ್ಕಳ ಮೂಳೆಕಟ್ಟುಗಳು ಸಡಿಲವಾಗಿರುವುದರಿಂದ ಮೂಳೆ ಮುರಿಯದೆಯೂ ಬೆನ್ನುಹುರಿಗೆ ಎಳೆತ ಉಂಟಾಗಬಹುದು, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಕಾಣಬಹುದು. ಜೋಮು ಇಳಿಯಿತೆಂಬುದು ಒಳ್ಳೆಯ ಲಕ್ಷಣವಾದರೂ ಅಷ್ಟರಿಂದಲೇ ಆಟಕ್ಕೆ ಇಳಿಸುವಂತಿಲ್ಲ. ಹೆತ್ತವರೊಂದಿಗೆ ಮಾತನಾಡಿ ಅವನನ್ನು ಮೂಳೆ ತಜ್ಞರಿಗೋ ನರ ಶಸ್ತ್ರಚಿಕಿತ್ಸಕರಿಗೋ ಮತ್ತೊಮ್ಮೆ ತೋರಿಸಿ. ಹೋಗುವಾಗ ನೀವು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿ: ಹೇಗೆ ಬಿದ್ದ, ಪ್ರಜ್ಞೆ ತಪ್ಪಿತ್ತೇ, ಯಾವ ಕೈಗೆ ಎಷ್ಟು ಹೊತ್ತು ಜೋಮಿತ್ತು, ಕಾಲು ಅಲುಗಿಸುತ್ತಿದ್ದನೇ. ವೈದ್ಯರಿಗೆ ಈ ವಿವರ ಬೇರೆ ಯಾರಿಂದಲೂ ಸಿಗುವುದಿಲ್ಲ. ನೋವು ಪೂರ್ತಿ ಹೋಗಿ, ಕುತ್ತಿಗೆ ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗಿ, ಎರಡು ಕೈಗಳ ಬಲ ಸಮನಾಗಿ, ವೈದ್ಯರು ಲಿಖಿತವಾಗಿ ಒಪ್ಪಿಗೆ ಕೊಟ್ಟ ಮೇಲೆಯೇ ಓಟ, ಆಮೇಲೆ ಸ್ಟಿಕ್ಕು, ಎಲ್ಲಕ್ಕೂ ಕೊನೆಗೆ ಪಂದ್ಯ. ಅಲ್ಲಿಯವರೆಗೆ ಅವನು ತಂಡದ ಜೊತೆ ಮೈದಾನಕ್ಕೆ ಬರಲಿ, ಅಂಕ ಬರೆಯಲಿ, ಸ್ಟಿಕ್ಕು ಮಾತ್ರ ನಿಮ್ಮ ಬಳಿಯೇ ಇರಲಿ. ಈ ನಡುವೆ ಜೋಮು ಮರುಕಳಿಸಿದರೆ, ನಡಿಗೆ ತಡವರಿಸಿದರೆ ಅಥವಾ ಮೂತ್ರಕ್ಕೆ ತೊಂದರೆಯಾದರೆ, ಮೊದಲು ಗೊತ್ತುಮಾಡಿದ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.